ಹನ್ನೆರಡು ಗಂಟೆ ದುಡಿಮೆಗೆ ಎಂಟು ಗಂಟೆಯ ಸಂಬಳ: ಕಾರ್ಮಿಕ ಆಯುಕ್ತರಿಗೆ ಮನವಿ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಆಯುಕ್ತರು,
ಕಾರ್ಮಿಕ ಇಲಾಖೆ, ಕರ್ನಾಟಕ ಸರ್ಕಾರ,
ಕಾರ್ಮಿಕ ಭವನ, ಬನ್ನೇರುಘಟ್ಟ ರಸ್ತೆ, ಬೆಂಗಳೂರು.

ಇವರಿಂದ,
ಏಜೆನ್ಸಿಗಳ ಮೂಲಕ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಮತ್ತು ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿರುವ, ಕೆಳಗೆ ಸಹಿ ಹಾಕಿರುವ ಕಾರ್ಮಿಕರು.

ವಿಷಯ: ಕನಿಷ್ಠ ವೇತನ, ಓವರ್‌ಟೈಮ್ ಹಾಗೂ ಕಡಿತಗಳ ಲೆಕ್ಕ ಕಾನೂನಿನಂತೆ ನಡೆಯುವ ಹಾಗೆ ಮಾಡುವ ಬಗ್ಗೆ.

ಮಾನ್ಯರೇ,

ಸಂಬಳ ಹೆಚ್ಚಿಸಿ ಎಂದು ಕೇಳಲು ಈ ಮನವಿ ಬರೆದಿಲ್ಲ. ಆ ಬೇಡಿಕೆಯೂ ನಮಗಿದೆ, ಅದನ್ನು ಬೇರೆಯಾಗಿ ಸಲ್ಲಿಸುತ್ತೇವೆ. ಸರ್ಕಾರವೇ ಗೊತ್ತುಮಾಡಿದ ದರ ಅಧಿಸೂಚನೆಯಿಂದ ಹೊರಟು ನಮ್ಮ ಬ್ಯಾಂಕ್ ಖಾತೆ ಸೇರುವುದರೊಳಗೆ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂಬುದನ್ನಷ್ಟೇ ಇಲ್ಲಿ ತಮ್ಮ ಗಮನಕ್ಕೆ ತರುತ್ತಿದ್ದೇವೆ.

ನಮ್ಮಲ್ಲೊಬ್ಬರು ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಗೇಟಿನಲ್ಲಿ ನಿಲ್ಲುತ್ತಾರೆ. ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಹತ್ತಿದರೆ ರಾತ್ರಿ ಎಂಟಕ್ಕೆ ಇಳಿಯುವುದು. ಗೇಟಿನ ರಿಜಿಸ್ಟರಿನಲ್ಲಿ ಹಾಲಿನವರು, ಪ್ಲಂಬರು, ಡೆಲಿವರಿ ಹುಡುಗರು ಬಂದದ್ದು ಹೋದದ್ದನ್ನೆಲ್ಲ ನಿಮಿಷ ಸಮೇತ ಬರೆಯುವವರು ಅವರೇ. ಅವರ ಸ್ವಂತ ಹಾಜರಿಯ ಮುಂದೆ ಮಾತ್ರ ಸೂಪರ್‌ವೈಸರ್ 'ಪಿ' ಎಂಬ ಒಂದಕ್ಷರ ಗೀಚಿ ಹೋಗುತ್ತಾರೆ. ಗಂಟೆಯ ಲೆಕ್ಕವೇ ಇಲ್ಲ. ನಡುವೆ ಊಟದ ಬಿಡುವಿದೆಯಲ್ಲ ಎಂದು ಏಜೆನ್ಸಿಯವರು ಹೇಳಬಹುದು. ರಿಲೀವರ್ ಇಲ್ಲದ ಗೇಟಿನಲ್ಲಿ ಬಿಡುವೆಂದರೆ, ಟಿಫನ್ ಬಾಕ್ಸ್ ತೆರೆದ ಹೊತ್ತಿಗೆ ಸರಿಯಾಗಿ ಹಾರ್ನ್ ಕೇಳಿ, ತುತ್ತು ಬಿಟ್ಟು ಎದ್ದೋಡುವುದು.

ತಿಂಗಳ ಕೊನೆಗೆ ಅವರಿಗೆ ಬಂದ ವೇತನ ಚೀಟಿಯಲ್ಲಿ 26 ದಿನ ಎಂದಿದೆ. ದುಡಿದದ್ದು 30 ದಿನ. ಮೂಲ ವೇತನ ಮತ್ತು ತುಟ್ಟಿಭತ್ಯೆ ಅಧಿಸೂಚನೆಯ ದರಕ್ಕೆ ಸರಿಯಾಗಿವೆ, ಯಾರು ತಪಾಸಣೆಗೆ ಬಂದರೂ ಬೆರಳು ತೋರಿಸುವಂತಿಲ್ಲ. ಕೆಳಗೆ 'ಇತರ ಭತ್ಯೆ' ಎಂದು ಒಂದು ಸಣ್ಣ ಮೊತ್ತ. ಪ್ರತಿದಿನದ ಹೆಚ್ಚುವರಿ ನಾಲ್ಕು ಗಂಟೆ ಮತ್ತು ನಾಲ್ಕು ವಾರದ ರಜೆಗಳು ಆ ಒಂದು ಸಾಲಿನಲ್ಲಿ ಮುಗಿದುಹೋಗಿವೆ.

ಇದರ ಲೆಕ್ಕ ನಿಜಕ್ಕೂ ಸರಳ. ಎಂಟು ಗಂಟೆಗೆ ಒಂದು ದಿನದ ಕೂಲಿ. ಓವರ್‌ಟೈಮಿಗೆ ಎರಡು ಪಟ್ಟು ಕೊಡಬೇಕೆಂಬುದು ಕಾನೂನು, ಆದ್ದರಿಂದ ಮೇಲಿನ ನಾಲ್ಕು ಗಂಟೆಗೂ ಎಂಟು ಗಂಟೆಯ ಕೂಲಿಯೇ ಬರುತ್ತದೆ. ಅಂದರೆ ಹನ್ನೆರಡು ಗಂಟೆಯ ಒಂದು ಡ್ಯೂಟಿಗೆ ಎರಡು ದಿನದ ಸಂಬಳ. ವಲಯ ಯಾವುದೇ ಇರಲಿ, ದರ ಎಷ್ಟೇ ಇರಲಿ, ತಿಂಗಳ ಕನಿಷ್ಠ ವೇತನದ ದುಪ್ಪಟ್ಟು ಕೈಗೆ ಬರಲೇಬೇಕು. ವಾರದ ರಜೆಯಲ್ಲಿ ದುಡಿಸಿಕೊಂಡದ್ದು ಇದರ ಮೇಲೆ. ಈ ನಗರದಲ್ಲಿ ಹಾಗೆ ಪಡೆಯುವ ಒಬ್ಬ ಗಾರ್ಡ್ ಕೂಡ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಹೀಗೆ ಕೈಗೆ ಬಂದ ಮೊತ್ತವೂ ಪೂರ್ತಿ ಉಳಿಯುವುದಿಲ್ಲ. ಯೂನಿಫಾರ್ಮ್ ಕಟಿಂಗ್ ಎಂದು ಮೊದಲ ತಿಂಗಳುಗಳಲ್ಲಿ ಹಿಡಿಯುತ್ತಾರೆ. ಪಿಎಫ್‌ಗೆ ನಮ್ಮ ಪಾಲಿನ ಶೇ. 12ರ ಜೊತೆಗೆ ಮಾಲೀಕರ ಪಾಲನ್ನೂ ನಮ್ಮಿಂದಲೇ ಮುರಿಯುತ್ತಾರೆ, ಕೇಳಿದರೆ 'ಸಿಟಿಸಿಯಲ್ಲೇ ಸೇರಿದೆ' ಎಂಬ ಉತ್ತರ. ಆಸ್ಪತ್ರೆಯೊಂದರಲ್ಲಿ ಹೌಸ್‌ಕೀಪಿಂಗ್ ಮಾಡುವ ಹೆಣ್ಣುಮಕ್ಕಳು ಹೇಳಿದ್ದು ಇನ್ನೂ ವಿಚಿತ್ರ. ಸಂಬಳ ಖಾತೆಗೆ ಪೂರ್ತಿ ಬೀಳುತ್ತದೆ, ಮರುದಿನ ಇಂತಿಷ್ಟನ್ನು ಸೂಪರ್‌ವೈಸರ್ ಹೇಳಿದ ನಂಬರಿಗೆ ಫೋನ್‌ಪೇ ಮಾಡಬೇಕು. ಮಾಡದವರಿಗೆ ಮುಂದಿನ ವಾರ 'ಸೈಟ್ ಚೇಂಜ್': ಕೆಂಗೇರಿಯ ಮನೆಯಿಂದ ವೈಟ್‌ಫೀಲ್ಡಿಗೆ.

2025ರ ನವೆಂಬರ್ 21ರಂದು ವೇತನ ಸಂಹಿತೆ, 2019 ಜಾರಿಗೆ ಬಂದಿದೆ. 1948ರ ಕನಿಷ್ಠ ವೇತನ ಕಾಯ್ದೆ ಹೋಯಿತು, ಅದರಡಿಯ ಅಧಿಸೂಚನೆಗಳೂ ಹೋದವು, ಹೊಸ ದರ ಬರುವತನಕ ಕೊಟ್ಟಷ್ಟು ತೆಗೆದುಕೊಳ್ಳಿ ಎಂದು ಕೆಲವು ಏಜೆನ್ಸಿಗಳು ಹೇಳುತ್ತಿವೆ. ಕಾಯ್ದೆ ಹೋದದ್ದು ನಿಜ, ಅಧಿಸೂಚನೆಗಳೂ ಹೋದವು ಎಂಬುದು ಸುಳ್ಳು. ಸಂಹಿತೆಗೆ ವಿರುದ್ಧವಾಗಿಲ್ಲದ ಹಳೆಯ ಅಧಿಸೂಚನೆಗಳು ಮುಂದುವರಿಯುತ್ತವೆ ಎಂದು ಅದರ 69ನೇ ಕಲಮಿನಲ್ಲೇ ಇದೆ. ಆದ್ದರಿಂದ ನಮ್ಮ ಮೊದಲ ಬೇಡಿಕೆ: ಇದನ್ನು ಸ್ಪಷ್ಟಪಡಿಸುವ ಸುತ್ತೋಲೆಯನ್ನು ತಾವು ಕನ್ನಡದಲ್ಲಿ ಹೊರಡಿಸಬೇಕು, ಆಯಾ ವಲಯದ ದರದ ಜೊತೆಗೆ ಅದನ್ನು ಪ್ರತಿ ಸೈಟಿನ ಸೆಕ್ಯೂರಿಟಿ ಕ್ಯಾಬಿನ್ನಿನಲ್ಲಿ ಅಂಟಿಸುವಂತೆ ಆದೇಶಿಸಬೇಕು. ಇಂಥ ಗೊಂದಲದ ಬೆಲೆ ಏನೆಂದು ಈ ರಾಜ್ಯಕ್ಕೆ ಗೊತ್ತಿದೆ. 2020ರಲ್ಲಿ ತುಟ್ಟಿಭತ್ಯೆಯನ್ನು ಮುಂದೂಡಿದಾಗ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ತಪ್ಪಿದ್ದು ಸುಮಾರು 417 ರೂಪಾಯಿ. ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೂ ಎಷ್ಟೋ ಜನರಿಗೆ ಆ ಬಾಕಿ ಸಿಗಲು ವರ್ಷಗಳು ಹಿಡಿದವು.

ಎರಡನೆಯದಾಗಿ, ಕೆಲಸ ಮಾಡಿಸಿಕೊಳ್ಳುವವರ ಹೊಣೆ. ಗುತ್ತಿಗೆದಾರ ಕೊಡದಿದ್ದರೆ ಸಂಸ್ಥೆಯ ಒಡೆಯರೇ ಕೊಡಬೇಕೆಂದು ಸಂಹಿತೆಯ 43ನೇ ಕಲಂ ಹೇಳುತ್ತದೆ. ಆದರೆ ನಿವಾಸಿಗಳ ಸಂಘದ ಬಾಗಿಲಿಗೆ ಹೋದರೆ 'ನಾವು ಏಜೆನ್ಸಿಗೆ ಕೊಟ್ಟಾಗಿದೆ', ಏಜೆನ್ಸಿಗೆ ಹೋದರೆ 'ಅವರು ಕೊಟ್ಟಿದ್ದೇ ಇಷ್ಟು'. ಸರ್ಕಾರಿ ಕಚೇರಿಗಳ ಟೆಂಡರಿನ ಕಥೆಯೂ ಬೇರೆಯಲ್ಲ. ಹೆಸರಿಗಷ್ಟೇ ಸೇವಾಶುಲ್ಕ ನಮೂದಿಸಿ ಕೆಲಸ ಹಿಡಿದ ಏಜೆನ್ಸಿ ಬದುಕುವುದು ಹೇಗೆಂದು ಟೆಂಡರ್ ತೆರೆದ ಅಧಿಕಾರಿ ಯೋಚಿಸಬೇಡವೇ? ಹನ್ನೆರಡು ಗಂಟೆಯ ಡ್ಯೂಟಿ ಕೇಳುವ ಪ್ರತಿ ಒಪ್ಪಂದದಲ್ಲೂ ಓವರ್‌ಟೈಮಿನ ಮೊತ್ತ ಬೇರೆ ಸಾಲಿನಲ್ಲಿ ಕಾಣಬೇಕು. ಇಲ್ಲವೇ ಮೂರು ಪಾಳಿ ಮಾಡಲಿ. ಅದು ನಮಗೂ ಒಪ್ಪಿಗೆ, ಮನೆಯಲ್ಲಿ ಮಕ್ಕಳು ಎಚ್ಚರವಿರುವಾಗ ನೋಡಬಹುದು.

ಮೂರನೆಯದು ತಪಾಸಣೆ. ಹಿಂದಿನ ಇನ್‌ಸ್ಪೆಕ್ಟರ್‌ಗೆ ಹೊಸ ಕಾನೂನು 'ಸುಗಮಕಾರ' ಎಂಬ ಹೆಸರನ್ನೂ ಸೇರಿಸಿದೆ, ಯಾರಿಗೆ ಸುಗಮ ಎಂಬುದನ್ನು ತಾವೇ ನಿರ್ಧರಿಸಬೇಕಾಗಿದೆ. ಕಡಿಮೆ ಸಂಬಳ ಕೊಟ್ಟವರಿಗೆ 50,000 ರೂಪಾಯಿವರೆಗೆ ದಂಡವಿದ್ದರೂ ಕೆಲವು ತಪ್ಪುಗಳಲ್ಲಿ ಮೊಕದ್ದಮೆಗೆ ಮುಂಚೆ ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕೆಂದು ಅದೇ ಕಾನೂನು ಹೇಳುತ್ತದೆ. ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಆ ಅವಕಾಶವಿಲ್ಲ. ಆದ್ದರಿಂದ ಮೊದಲ ತಪ್ಪಿಗೆ ಬಾಯಿಮಾತಿನ ಬುದ್ಧಿವಾದ ಸಾಲದು, ಲಿಖಿತ ನಿರ್ದೇಶನವೇ ಬೇಕು. ಬರಹದಲ್ಲಿ ಇಲ್ಲದಿದ್ದರೆ ಪ್ರತಿ ತಪ್ಪೂ ಮೊದಲನೆಯದೇ ಆಗಿಬಿಡುತ್ತದೆ. ತಪಾಸಣೆಗೆ ಬಂದವರು ಏಜೆನ್ಸಿಯ ಹಾಜರಿ ಪುಸ್ತಕವನ್ನಷ್ಟೇ ನೋಡದೆ ಗೇಟ್ ರಿಜಿಸ್ಟರನ್ನೂ ತೆರೆಯಲಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಅದೇ ಕೈಬರಹ ಕಂಡರೆ ಬೇರೆ ಸಾಕ್ಷಿ ಯಾಕೆ?

ಬಾಕಿ ವೇತನದ ಕ್ಲೇಮಿಗೆ ಈಗ ಮೂರು ವರ್ಷದ ಕಾಲಾವಕಾಶವಿದೆ, ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ, ಸಂಬಳ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಭಾರ ಮಾಲೀಕರ ಮೇಲಿದೆ. ಕಾಗದದಲ್ಲಿ ಇದು ದೊಡ್ಡ ಬಲ. ಆದರೆ ಅರ್ಜಿ ಹಾಕಿದವರು ಮರುದಿನ ಕೆಲಸದಲ್ಲಿ ಇರುವುದಿಲ್ಲ. ಒಬ್ಬೊಬ್ಬರ ಹೆಸರಿನ ದೂರಿಗೆ ಕಾಯದೆ ಇಡೀ ಸೈಟಿಗೆ ಅನ್ವಯಿಸುವಂತೆ ಇಲಾಖೆಯೇ ತಪಾಸಣೆ ಮಾಡಿ ಕ್ಲೇಮು ದಾಖಲಿಸಬೇಕೆಂಬುದು ನಮ್ಮ ನಾಲ್ಕನೆಯ ಬೇಡಿಕೆ.

ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಹೇಳಿದೆ. ತಪಾಸಣೆಗೆ ಹೊರಡುವ ಅಧಿಕಾರಿಗಳಿಗೆ ಆ ತೀರ್ಪಿನ ಪ್ರತಿಯನ್ನು ಕೊಟ್ಟು ಕಳಿಸಬೇಕೆಂದು ಕೋರುತ್ತೇವೆ.

ಮೊದಲ ತಪಾಸಣೆ ಯಾವಾಗ, ಯಾವ ವಲಯದಲ್ಲಿ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಸಂಜೆ ಆರರ ನಂತರ ಬಂದರೆ ಹಗಲು ಪಾಳಿಯವರು ಇನ್ನೂ ನಿಂತೇ ಇರುತ್ತಾರೆ.

ತಮ್ಮ ವಿಶ್ವಾಸಿಗಳು,
(ಸಹಿಗಳು ಪ್ರತ್ಯೇಕ ಹಾಳೆಯಲ್ಲಿ)

ಲಗತ್ತು: ಹೆಸರು ಮರೆಮಾಡಿದ ವೇತನ ಚೀಟಿಗಳು, ಒಂದು ತಿಂಗಳ ಗೇಟ್ ರಿಜಿಸ್ಟರಿನ ನಕಲು.