ಮುಪ್ಪಿನ ಉಳಿತಾಯಕ್ಕೆ ದಂಡವೇಕೆ?

ರಾಮದುರ್ಗದ ಎರೆ ಸೀಮೆಯ ಹಿರಿಯರು ಸುಗ್ಗಿ ಚೆನ್ನಾಗಿ ಬಂದಾಗ ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ಕಾಯ್ದಿಡುತ್ತಿದ್ದರು. ಹಾಗೆ ಇಟ್ಟವನನ್ನು ಜಾಣನೆಂದರೇ ಹೊರತು ಸಿರಿವಂತನೆಂದು ಎಣಿಸಲಿಲ್ಲ. ಮುಪ್ಪಿಗಾಗಿ ಉಳಿಸಿದ ಹಣವನ್ನೂ ಹೀಗೆಯೇ ಕಾಣಬೇಕು.

2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯು 65 ವರ್ಷ ತುಂಬಿದ ಸಣ್ಣ ರೈತರು, ಕೃಷಿ ಕಾರ್ಮಿಕರು ಹಾಗೂ ನೇಕಾರರಿಗೆ ಆಸರೆಯಾಗಿದೆ. ಆದರೆ ಆರಂಭದ ನಿಯಮದಂತೆ ಗಂಡ-ಹೆಂಡಿರ ವಾರ್ಷಿಕ ಆದಾಯ 20,000 ರೂ., ಒಟ್ಟು ಠೇವಣಿ 10,000 ರೂ. ಮೀರಬಾರದಿತ್ತು. ಆದಾಯದ ಮಿತಿಯನ್ನು ಮುಂದೆ ಏರಿಸಲಾಯಿತು. ಆದಾಯಕ್ಕೆ ಮಿತಿ ಇರಲಿ. ಇಷ್ಟು ಚಿಕ್ಕ ಠೇವಣಿಗೆ ಮಿತಿ ಹಾಕುವುದು ಸರಿಯಲ್ಲ.

ಲೆಕ್ಕ ನೋಡಿರಿ. ತಿಂಗಳಿಗೆ 1,200 ರೂ.ಗಳಂತೆ ವರ್ಷದ ಮಾಸಾಶನ 14,400 ರೂ. ಶೇ. 7ರ ಬಡ್ಡಿಯಿಂದ ಇಷ್ಟು ಪಡೆಯಲು ಸುಮಾರು 2 ಲಕ್ಷ ರೂ. ಠೇವಣಿ ಬೇಕು. 11,000 ರೂ. ಇಟ್ಟವರಿಗೆ ಸಿಗುವ ಬಡ್ಡಿ 770 ರೂ. ಮಾತ್ರ. ಅದಕ್ಕಾಗಿ ಮಾಸಾಶನವನ್ನು ಯಾರು ಕಳೆದುಕೊಂಡಾರು? ಹಣವನ್ನು ಮನೆಯಲ್ಲಿಡುತ್ತಾರೆ, ಇಲ್ಲವೆ ಮಗನ ಹೆಸರಿಗೆ ಹಾಕುತ್ತಾರೆ. ಮನೆಯಲ್ಲಿಟ್ಟರೆ ಕಳ್ಳರ ಭಯ, 2019ರಂತೆ ಮಲಪ್ರಭೆ ಉಕ್ಕುವ ಭಯ. ಮಗನ ಹೆಸರಿಗೆ ಹಾಕಿದರೆ ಔಷಧಿಗೂ ಕೈಯೊಡ್ಡಬೇಕು.

2019ರಲ್ಲಿ ಬಂದ ಕಿಸಾನ್ ಮಾನ್‌ಧನ್ ಯೋಜನೆಯಲ್ಲಿ ರೈತನು ಕಟ್ಟಿದಷ್ಟೇ ವಂತಿಗೆಯನ್ನು ಕೇಂದ್ರ ಸರಕಾರವೂ ಕಟ್ಟುತ್ತದೆ. ದುಡಿಯುವಾಗ ಉಳಿಸೆಂದು ಹುರಿದುಂಬಿಸಿ, ಮುಪ್ಪಿನಲ್ಲಿ ಉಳಿಸಿದ್ದಕ್ಕೆ ದಂಡ ಹಾಕುವುದು ಸಲ್ಲದು. ಒಂದು ಕಾಯಿಲೆ, ಒಂದು ವರ್ಷದ ಬರ ತಾಳುವಷ್ಟು ಠೇವಣಿಯನ್ನಾದರೂ ಲೆಕ್ಕದಿಂದ ಹೊರಗಿಡಬೇಕು. ರೈತ ಬಾಂಧವರು ಗ್ರಾಮಸಭೆಗಳಲ್ಲಿ ಈ ಬೇಡಿಕೆಯನ್ನು ಮಂಡಿಸಬೇಕು.