ಕಾವಲು ಬಿಟ್ಟುಕೊಟ್ಟವರಿಗೊಂದು ಕಾಲೇಜು



ನಮ್ಮ ಕುದಾಪುರದ ಹೆಸರು ಈಗ ದೇಶಕ್ಕೆಲ್ಲ ಗೊತ್ತಾಗಿದೆ ಎಂದು ದೂರದೂರುಗಳಲ್ಲಿರುವ ನಿಮ್ಮಲ್ಲಿ ಹಲವರು ಫೋನು ಮಾಡಿದಾಗಲೆಲ್ಲ ಹೆಮ್ಮೆಯಿಂದ ಹೇಳುತ್ತೀರಿ. ಹೆಮ್ಮೆ ನನಗೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ನಮ್ಮೂರಿನ ಮಗ್ಗುಲಿಗೇ ಬಂದಿದೆ. ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯು ಕಟ್ಟಿದ ವಾಯುಯಾನ ಪರೀಕ್ಷಾ ಕೇಂದ್ರವು 2017ರಲ್ಲಿ ಉದ್ಘಾಟನೆಗೊಂಡಿತು. ಇಸ್ರೋದವರ ಮರುಬಳಕೆಯ ಉಡಾವಣಾ ವಾಹನವು 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ಗಳಲ್ಲಿ ಮತ್ತೆರಡು ಬಾರಿ ಬಂದಿಳಿದದ್ದು ಆ ಓಡುಪಥದ ಮೇಲೆಯೇ. ಇವೆಲ್ಲ ಸಣ್ಣ ಸಂಗತಿಗಳಲ್ಲ.

ಆದರೆ ಹೆಮ್ಮೆಪಡುವವನಿಗೆ ಲೆಕ್ಕ ಕೇಳುವ ಹಕ್ಕೂ ಇರುತ್ತದೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

2009–10ರ ಆಸುಪಾಸಿನಲ್ಲಿ ನಮ್ಮ ತಾಲ್ಲೂಕಿನ ಅಮೃತಮಹಲ್ ಕಾವಲುಗಳಿಂದ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಇಸ್ರೋಗೆ 573 ಎಕರೆ ಹಂಚಿಕೆಯಾಯಿತು. ಕೂಡಿ ನೋಡಿ: ಎಂಟು ಸಾವಿರ ಎಕರೆಗೂ ಮಿಕ್ಕಿತು. ಇದು ಯಾರೂ ಬಳಸದೆ ಬಿದ್ದಿದ್ದ ಬಂಜರಲ್ಲ. ಮೈಸೂರು ಅರಸರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿ, ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರು ಪಡೆದ ದನಗಳ ಹುಲ್ಲುಗಾವಲು ಇದು. ಕುರುಬರ ಕುರಿ, ಗೊಲ್ಲರ ಹಸು, ಮ್ಯಾಸನಾಯಕರ ದೇವರ ಎತ್ತು, ಎಲ್ಲವೂ ಮೇದದ್ದು ಇಲ್ಲಿಯೇ. ಈ ಭೂಮಿಯ ವ್ಯಾಜ್ಯವು 2013ರಲ್ಲಿ ಚೆನ್ನೈನ ಹಸಿರು ನ್ಯಾಯಮಂಡಳಿಯ ಕಟ್ಟೆ ಹತ್ತಿದ್ದು ನಿಮಗೆ ನೆನಪಿರಬಹುದು. ಆ ವ್ಯಾಜ್ಯವನ್ನು ಇಲ್ಲಿ ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ನನ್ನ ಪ್ರಶ್ನೆ ಬೇರೆ. ವಿದ್ಯೆಯ ಹೆಸರಿನಲ್ಲಿ ಭೂಮಿ ಹೋಯಿತು. ಆ ಭೂಮಿಯನ್ನು ಆಶ್ರಯಿಸಿದ್ದವರ ಮಕ್ಕಳಿಗೆ ವಿದ್ಯೆಯ ಯಾವ ಬಾಗಿಲು ತೆರೆಯಿತು?

ಅನ್ಯಾಯದ ಮಾತಾಡಬಾರದು. ವಿಜ್ಞಾನ ಸಂಸ್ಥೆಯು ಕುದಾಪುರದಲ್ಲಿ ಪ್ರತಿಭಾ ವಿಕಾಸ ಕೇಂದ್ರವನ್ನು ತೆರೆದು, ನಾಡಿನ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ಮೂಲಕ ಪಾಠ ಮಾಡುವ ತರಬೇತಿ ಕೊಡುತ್ತ ಬಂದಿದೆ. ಶಿಕ್ಷಕ ವೃತ್ತಿಯಲ್ಲಿ ಜೀವ ಸವೆಸಿದ ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ತರಬೇತಿಗೆ ಬರುವವರು ಆಗಲೇ ಪದವಿ ಪಡೆದವರು. ಪದವಿಯ ಹೊಸ್ತಿಲನ್ನೇ ಮುಟ್ಟದವರ ಮಾತೇನು? ಅವರಿಗಾಗಿಯೇ ಇರುವ ಸಂಸ್ಥೆಯೊಂದಿದೆ. ಅದರ ಹೆಸರು ಸಮುದಾಯ ಕಾಲೇಜು. ಅದು ನಮ್ಮ ತಾಲ್ಲೂಕಿಗೆ ಬೇಕು, ಸರ್ಕಾರಿ ಉನ್ನತ ಶಿಕ್ಷಣದ ಒಳಗೇ ಬೇಕು, ಖಾಯಂ ಆಗಿ ಬೇಕು ಎಂಬುದು ನನ್ನ ವಾದ.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ, ಪ್ರೌಢಶಾಲೆಯ ಮುಂದಕ್ಕೆ ಎರಡು ವರ್ಷದ ಕಾಲೇಜು ಪಾಠವನ್ನು ಜೋಡಿಸಿದ್ದರಿಂದ ಅಲ್ಲಿ ಇದರ ಇತಿಹಾಸ ಆರಂಭವಾಗುತ್ತದೆ. 1947ರಲ್ಲಿ, ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷ, ಅಧ್ಯಕ್ಷ ಟ್ರೂಮನ್ನರು ನೇಮಿಸಿದ್ದ ಆಯೋಗವು ಊರೂರಿಗೂ ಇಂತಹ ಕಾಲೇಜು ಬೇಕೆಂದಿತು. ಅದರ ಲಕ್ಷಣಗಳು ಮೂರು. ವಯಸ್ಸನ್ನೂ ಹಳೆಯ ಅಂಕಗಳನ್ನೂ ನೋಡದೆ ಸೇರಿಸಿಕೊಳ್ಳಬೇಕು. ಊರಿನ ಕಸುಬಿಗೆ ಬೇಕಾದುದನ್ನು ಕಲಿಸಬೇಕು. ಇಲ್ಲಿ ಕಲಿತದ್ದನ್ನು ವಿಶ್ವವಿದ್ಯಾನಿಲಯವು ಮಾನ್ಯ ಮಾಡಿ, ಬಯಸಿದವನನ್ನು ಪದವಿಯ ಮಧ್ಯದ ಮೆಟ್ಟಿಲಿನಿಂದಲೇ ಒಳಕ್ಕೆ ಬಿಟ್ಟುಕೊಳ್ಳಬೇಕು. ಈ ಮೂರರಲ್ಲಿ ಒಂದು ಕಳಚಿದರೂ ಉಳಿಯುವುದು ಬರಿಯ ನಾಮಫಲಕ.

ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯವು ಈ ಹೆಸರಿನ ಕಾಲೇಜು ತೆರೆಯಿತು. ಮರುವರ್ಷ ಮದರಾಸಿನಲ್ಲೊಂದು ಆರಂಭವಾಯಿತು. 2009ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು ದೊಡ್ಡ ಪ್ರಮಾಣದಲ್ಲಿ ಯೋಜನೆ ಹೂಡಿತು. ಕೆಲವೇ ವರ್ಷಗಳಲ್ಲಿ ಅದು ನಿಂತೂ ಹೋಯಿತು. ಬಳಿಕ ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯಲ್ಲಿ ಯುಜಿಸಿಯು ಆಯ್ದ ಕಾಲೇಜುಗಳಿಗೆ ಅನುದಾನ ಕೊಟ್ಟು ಇದನ್ನೇ ಮತ್ತೆ ಮೊದಲಿಟ್ಟಿತು. ಇಲ್ಲಿಯೇ ನನ್ನ ಆಕ್ಷೇಪವಿರುವುದು. ಯೋಜನೆ ಎಂದರೆ ಹಣ ಇರುವವರೆಗೆ ನಡೆಯುವ ಜಾತ್ರೆ. ತೇರು ಎಳೆದಾದ ಮೇಲೆ ಅಂಗಡಿಗಳನ್ನು ಕಿತ್ತುಕೊಂಡು ಹೋಗುತ್ತಾರೆ. ಕಾಲೇಜು ಎಂದರೆ ಕೆರೆ. ಮಳೆ ಬಂದ ವರ್ಷ ತುಂಬಬೇಕು, ಬಾರದ ವರ್ಷವೂ ಏರಿ ಉಳಿಯಬೇಕು. ನಾವು ಕೆರೆ ಕಟ್ಟಬೇಕಾದಲ್ಲಿ ಜಾತ್ರೆ ಮಾಡಿದೆವು.

ಕರ್ನಾಟಕಕ್ಕಂತೂ ಈ ಪಾಠ ಹಳೆಯದು. ಎಪ್ಪತ್ತರ ದಶಕದ ಕೊನೆಯಲ್ಲಿ ಪದವಿಪೂರ್ವ ಹಂತಕ್ಕೆ ವೃತ್ತಿಶಿಕ್ಷಣ ತಂದ ಮುಂಚೂಣಿಯ ರಾಜ್ಯ ನಮ್ಮದು. ನಿಮ್ಮಲ್ಲಿ ಕೆಲವರು ಓದಿದ ಜೆ.ಒ.ಸಿ. ಅದೇ. ರೇಷ್ಮೆ ಸಾಕಣೆ, ಎಲೆಕ್ಟ್ರಿಕಲ್ ಕೆಲಸ, ಲೆಕ್ಕಪತ್ರ, ಇವನ್ನೆಲ್ಲ ಅಲ್ಲಿ ಕಲಿಸುತ್ತಿದ್ದರು. ಪಾಠ ಹೇಳಿದವರು ವರ್ಷಾನುಗಟ್ಟಲೆ ಅರೆಕಾಲಿಕರಾಗಿಯೇ ಉಳಿದರು. ಕೊನೆಗೆ 2011ರಲ್ಲಿ ಅವರನ್ನು ಬೇರೆ ಬೇರೆ ಇಲಾಖೆಗಳಲ್ಲಿ ವಿಲೀನಗೊಳಿಸಲು ಕಾಯಿದೆಯನ್ನೇ ಮಾಡಬೇಕಾಯಿತು. ಕೋರ್ಸು ಹೋಯಿತು. 'ಪಿಯುಸಿಗೆ ಸೀಟು ಸಿಗದವರು ಹೋಗುವ ಜಾಗ' ಎಂದು ಊರವರು ಅದಕ್ಕೆ ಹಚ್ಚಿದ ಹೆಸರು ಮಾತ್ರ ಉಳಿಯಿತು. ಕಸುಬಿನ ಶಿಕ್ಷಣಕ್ಕೆ ಮೇಲಿನ ಮೆಟ್ಟಿಲುಗಳನ್ನು ಗಟ್ಟಿಯಾಗಿ ಕಟ್ಟದಿದ್ದರೆ ಆಗುವುದೇ ಹೀಗೆ.

'ಐಟಿಐ ಇದೆ, ಕೌಶಲ ತರಬೇತಿ ಇದೆ, ಮುಕ್ತ ವಿಶ್ವವಿದ್ಯಾನಿಲಯ ಇದೆ, ಮತ್ತೆ ಇದೇಕೆ?' ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಾತನ್ನೇ ಉತ್ತರವಾಗಿ ಕೊಡುತ್ತೇನೆ. ಕುರಿ ಕಾಯುವ ಮನೆಯ ಹುಡುಗ. ಲೆಕ್ಕದಲ್ಲಿ ತರಗತಿಗೇ ಮೊದಲಿಗ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ. ಒಮ್ಮೆಲೇ ಇಂಗ್ಲಿಷಿನಲ್ಲಿ ಸುರಿದ ಪಾಠದ ಭಾರಕ್ಕೆ ಕುಸಿದು ಊರಿಗೆ ಮರಳಿದ. ಮೋಟಾರು ಸುತ್ತುವುದನ್ನು ಕಂಡು ಕಂಡೇ ಕಲಿತು, ಈಗ ಸುತ್ತಲ ಹಳ್ಳಿಗಳ ಕೊಳವೆಬಾವಿಗಳಿಗೆಲ್ಲ ಅವನೇ ವೈದ್ಯ. ಮೂವತ್ತೈದು ದಾಟಿದ ಅವನು ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಕೇಳಿದ: 'ಓಮನ ನಿಯಮ ನೀವು ಹೇಳ್ಕೊಟ್ರಿ ಮೇಷ್ಟ್ರೇ, ಇವತ್ತಿಗೂ ಅದೇ ಅನ್ನ ಹಾಕ್ತೈತೆ. ಅದರ ಮುಂದಿಂದು ಕಲೀಬೇಕು ಅಂದ್ರೆ ಈಗ ಎಲ್ಲಿಗೆ ಹೋಗ್ಲಿ?'

ಐಟಿಐಗೆ ಹೋದರೆ ಹದಿನಾರರ ಹುಡುಗರ ನಡುವೆ, ಅವನಿಗೆ ಗೊತ್ತಿರುವುದನ್ನೇ ಮೊದಲಿನಿಂದ ಕಲಿಸುತ್ತಾರೆ. ಮೂರು ತಿಂಗಳ ಕೌಶಲ ಕೇಂದ್ರದವರು ಒಂದು ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅಂಚೆಯಲ್ಲಿ ಬರುವ ಪುಸ್ತಕದಿಂದ ಮೀಟರು ಹಿಡಿಯುವುದು ಬರುವುದಿಲ್ಲ. ಪದವಿ ಕಾಲೇಜಿನವರು ಪಿಯುಸಿ ಅಂಕಪಟ್ಟಿ ಕೇಳುತ್ತಾರೆ. ಬಡವರ ಮಕ್ಕಳಿಗೆ ಕೈಗೆಲಸ, ಉಳ್ಳವರ ಮಕ್ಕಳಿಗೆ ಪದವಿ ಎಂಬ ಈ ಪಾಲುಪಟ್ಟಿಯನ್ನು ಬರೆದವರು ಯಾರು? ಪ್ರಜಾಸತ್ತೆಯ ಹಣದಲ್ಲಿ ನಡೆಯುವ ಉನ್ನತ ಶಿಕ್ಷಣವು ಈ ಪಟ್ಟಿಯನ್ನು ಹರಿಯಬೇಕಲ್ಲದೆ ಅದಕ್ಕೆ ಮೊಹರು ಒತ್ತಬಾರದು.

ಇನ್ನೊಂದು ಆಕ್ಷೇಪವಿದೆ, ಅದು ತೂಕದ್ದು. ಸಮುದಾಯ ಕಾಲೇಜು ಬಡವರ ಮಕ್ಕಳನ್ನು ನಯವಾಗಿ ಪದವಿಯಿಂದ ದೂರ ಸರಿಸುವ ಉಪಾಯ ಎಂಬುದು ಆ ಆಕ್ಷೇಪ. ಅಮೆರಿಕದ ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ 1960ರಷ್ಟು ಹಿಂದೆಯೇ, ಈ ಕಾಲೇಜುಗಳು ವಿದ್ಯಾರ್ಥಿಗಳ ಆಸೆಯನ್ನು ಮೆಲ್ಲಮೆಲ್ಲನೆ ತಣ್ಣಗಾಗಿಸುತ್ತವೆ ಎಂದು ತೋರಿಸಿದ. ಅಲ್ಲಿ ಸೇರುವವರಲ್ಲಿ ಬಹುಮಂದಿ ಪದವಿಯವರೆಗೆ ಮುಟ್ಟುವುದಿಲ್ಲ ಎಂಬುದೂ ನಿಜ. ಆದರೆ ಇದರಿಂದ ಬಾಗಿಲೇ ಬೇಡ ಎಂದಾಗುವುದಿಲ್ಲ. ಬಾಗಿಲ ಹಿಂದೆ ಮೆಟ್ಟಿಲು ಇರಲೇಬೇಕು ಎಂದಾಗುತ್ತದೆ. ಇಲ್ಲಿ ಗಳಿಸಿದ ಪ್ರತಿಯೊಂದು ಪ್ರಮಾಣಪತ್ರವೂ ದಾವಣಗೆರೆ ವಿಶ್ವವಿದ್ಯಾನಿಲಯದ ಪದವಿಯಲ್ಲಿ ಇಷ್ಟು ಕ್ರೆಡಿಟ್ಟು ಎಂದು ಮೊದಲ ದಿನವೇ ಬರಹದಲ್ಲಿ ಸಿಗಬೇಕು. ಅದಿಲ್ಲದ ಸಮುದಾಯ ಕಾಲೇಜನ್ನು ವಿರೋಧಿಸುವವರ ಸಾಲಿನಲ್ಲಿ ನಾನೇ ಮೊದಲು ನಿಲ್ಲುತ್ತೇನೆ.

ನಮ್ಮ ದೊರೆಗಳ ಜಗಳವಾದರೋ ಬೇರೆಯೇ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ತಂದು ಪದವಿಯನ್ನು ನಾಲ್ಕು ವರ್ಷಕ್ಕೆ ಎಳೆದರು. 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದರು. ರಾಜ್ಯದ್ದೇ ಆದ ನೀತಿಗಾಗಿ ನೇಮಿಸಿದ್ದ ಸುಖದೇವ ಥೋರಟ್ ಆಯೋಗವು 2025ರಲ್ಲಿ ವರದಿ ಒಪ್ಪಿಸಿತು. ಮೂರೋ ನಾಲ್ಕೋ ಎಂಬ ಈ ಜಗ್ಗಾಟವೆಲ್ಲ ಒಳಗೆ ಕುಳಿತವರದ್ದು. ಹೊರಗೇ ನಿಂತಿರುವ ನನ್ನ ಮೋಟಾರು ರಿಪೇರಿಯ ಹುಡುಗನಿಗೆ ಎರಡೂ ಒಂದೇ.

ಹಾಗಾದರೆ ಕಾಲೇಜು ಎಲ್ಲಿ? ಹೊಸ ಕಟ್ಟಡ ಬೇಕಾಗಿಲ್ಲ. ಚಳ್ಳಕೆರೆಯಲ್ಲಿ ಎಚ್.ಪಿ.ಪಿ.ಸಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಸಂಜೆಯ ಹೊತ್ತು ಅದರ ಕೊಠಡಿಗಳನ್ನು ತೆರೆದರಾಯಿತು. ನಾಯಕನಹಟ್ಟಿಯಲ್ಲೋ ಮೊಳಕಾಲ್ಮೂರಿನಲ್ಲೋ ಒಂದೊಂದು ಶಾಖೆ ಇಟ್ಟರಾಯಿತು. ವೇಳಾಪಟ್ಟಿಯನ್ನು ಮಾತ್ರ ಬೆಂಗಳೂರಿನಿಂದ ತರಬಾರದು. ಶೇಂಗಾ ಕೀಳುವ ತಿಂಗಳಲ್ಲಿ, ಕುರಿಮಂದೆ ಹೊಡೆದುಕೊಂಡು ವಲಸೆ ಹೋಗುವ ಕಾಲದಲ್ಲಿ ತರಗತಿಗೆ ಬಿಡುವಿರಲಿ. ಪಾಠ ಕನ್ನಡದಲ್ಲಿರಲಿ, ಇಂಗ್ಲಿಷನ್ನು ಒಂದು ವಿಷಯವಾಗಿ ಗಟ್ಟಿಯಾಗಿ ಕಲಿಸಲಿ. ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ ಸಾವಿರಾರು ವಿದ್ಯಾವಂತರನ್ನು ವರ್ಷವರ್ಷವೂ ಅತಂತ್ರರನ್ನಾಗಿ ಇಡುವ ಪದ್ಧತಿಯನ್ನು ಇಲ್ಲಿಗೂ ತರದಿರಲಿ.

ಏನನ್ನು ಕಲಿಸಬೇಕು? ಊರನ್ನು ಒಮ್ಮೆ ಸುತ್ತಿಬಂದರೆ ಪಠ್ಯಕ್ರಮ ತಾನಾಗಿ ಸಿದ್ಧವಾಗುತ್ತದೆ. ಎಣ್ಣೆ ಗಿರಣಿಗಳ ಊರು ನಮ್ಮದು: ಎಣ್ಣೆಯ ಗುಣಪರೀಕ್ಷೆ, ಯಂತ್ರಗಳ ದುರಸ್ತಿ. ಕಂಬಳಿಯ ಊರು: ಉಣ್ಣೆ ವಿಂಗಡಣೆ, ಬಣ್ಣ, ಮಾರುಕಟ್ಟೆ. ಕುರಿಯ ಊರು: ಮಂದೆಯ ಆರೋಗ್ಯ, ಲಸಿಕೆ. ಮೊಳಕಾಲ್ಮೂರಿನ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಮಗ್ಗದ ಮಕ್ಕಳಿಗೆ ವಿನ್ಯಾಸದ ಶಾಸ್ತ್ರ, ಲೆಕ್ಕಪತ್ರ. ಪಕ್ಕದ ಪಾವಗಡದಲ್ಲಿ ಎರಡು ಸಾವಿರ ಮೆಗಾವ್ಯಾಟ್‌ಗೂ ಮಿಕ್ಕಿದ ಸೌರ ಸ್ಥಾವರವಿದೆ: ಸೌರಫಲಕ, ಇನ್ವರ್ಟರ್‌ಗಳ ನಿರ್ವಹಣೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು ನಮ್ಮದು: ಒಣಬೇಸಾಯ, ನೀರಿನ ಲೆಕ್ಕ. ಇನ್ನು ಕಾವಲಿನಲ್ಲಿ ಕಟ್ಟಿದ ಪ್ರಯೋಗಶಾಲೆಗಳಿಗೆ ಉಪಕರಣ ನೋಡಿಕೊಳ್ಳುವವರು ಬೇಡವೆ? ಆ ಕೆಲಸಕ್ಕೆ ಊರಿನವರನ್ನು ತಯಾರು ಮಾಡುವುದು ಅಸಾಧ್ಯವೆ? ಕಾವಲುಗಾರನ ಕೋಲು ಹಿಡಿಯುವುದೊಂದೇ ಕಾವಲಿನ ಮಕ್ಕಳ ಹಣೆಬರಹವಾಗಬಾರದು.

ಕಲಿಸುವವರು, ಉಪಕರಣಗಳು ಎಲ್ಲಿಂದ ಎಂದರೆ ಉತ್ತರ ಕಣ್ಣೆದುರಿಗೇ ಇದೆ. ಎಂಟು ಸಾವಿರ ಎಕರೆ ಪಡೆದ ನಾಲ್ಕು ಸಂಸ್ಥೆಗಳು ವಾರಕ್ಕೊಂದು ದಿನ ತಮ್ಮ ತಂತ್ರಜ್ಞರನ್ನು ಪಾಠಕ್ಕೆ ಕಳಿಸಲಿ, ರಹಸ್ಯವಲ್ಲದ ಪ್ರಯೋಗಶಾಲೆಗಳನ್ನು ತೆರೆದಿಡಲಿ. ಇದನ್ನು ದಾನವೆಂದು ಯಾರೂ ಭಾವಿಸಬೇಕಿಲ್ಲ. 'ಮಾಡಿದಷ್ಟು ನೀಡು ಭಿಕ್ಷೆ' ಎಂದ ತಿಪ್ಪೇರುದ್ರಸ್ವಾಮಿಯ ಸೀಮೆ ಇದು. ಬರದ ನಾಡಿನಲ್ಲಿ ಕೆರೆ ಕಟ್ಟಿಸಿ, ದುಡಿದವರಿಗೆ ದುಡಿದಷ್ಟು ಸಲ್ಲಿಸಿದವರು ಎಂದು ಜನ ಇಂದಿಗೂ ಅವರನ್ನು ನೆನೆಯುತ್ತಾರೆ. ಇಲ್ಲಿ ಸಂದಾಯವಾಗಬೇಕಿರುವುದೂ ಭಿಕ್ಷೆಯಲ್ಲ, ಬಾಕಿ.

ತಳುಕಿನ ವೆಂಕಣ್ಣಯ್ಯನವರು ವಿದ್ಯೆಗಾಗಿ ಊರು ಬಿಟ್ಟು ಮೈಸೂರು ಸೇರಿ, ಕುವೆಂಪು ಅವರಂಥವರಿಗೆ ಗುರುಗಳಾದರು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ನೂರು ವರ್ಷಗಳ ಅನಂತರವೂ ಕಲಿಯಬೇಕೆನ್ನುವವನು ಊರು ಬಿಡಲೇಬೇಕು, ಊರಲ್ಲಿ ಉಳಿಯುವವನು ಕಲಿಕೆ ಬಿಡಲೇಬೇಕು ಎಂದರೆ, ಗೋಡೆಯಾಚೆಗೆ ಎಷ್ಟು ಸಂಸ್ಥೆಗಳು ಬಂದು ಏನು ಫಲ?

ನಿಮ್ಮಲ್ಲಿ ಕೆಲವರು ಈಗ ಉಪನ್ಯಾಸಕರು, ಕೆಲವರು ಇಲಾಖೆಗಳಲ್ಲಿರುವವರು, ಕೆಲವರು ಪಂಚಾಯಿತಿ ಸದಸ್ಯರು. ಶಾಸಕರೋ ಸಂಸದರೋ ಎದುರಾದಾಗ ಹಾರ ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ಚಳ್ಳಕೆರೆಗೆ ಸಮುದಾಯ ಕಾಲೇಜು ಯಾವ ವರ್ಷ? ಅದರ ಪ್ರಮಾಣಪತ್ರಕ್ಕೆ ವಿಶ್ವವಿದ್ಯಾನಿಲಯದಲ್ಲಿ ಬೆಲೆ ಎಷ್ಟು? ಅದರ ಶಿಕ್ಷಕರು ಖಾಯಮ್ಮೋ ಅಲ್ಲವೋ? ಉತ್ತರ ಬರುವ ತನಕ ಕೇಳಿ. ಅರ್ಥವಾಗುವವರೆಗೆ ಕೈಯೆತ್ತಿ ಕೇಳಬೇಕೆಂದು ತರಗತಿಯಲ್ಲಿ ನಿಮಗೆ ಹೇಳಿಕೊಟ್ಟದ್ದು ಇಂತಹ ದಿನಗಳಿಗಾಗಿಯೇ.