ಕೆಲಸ ಕೇಳಿದೆವು, ಕೂಲಿ ಕೇಳಿದೆವೇ?

ವ್ಯಾಪಾರ ಏರಿದಾಗ ಲಾಭ ಧಣಿಗೆ. ಇಳಿದಾಗ ನಷ್ಟ ದುಡಿಯುವವರಿಗೆ! ಇದ್ಯಾವ ನ್ಯಾಯ?

2020ರ ಕೊರೊನಾ ಕಾಲ ನೆನೆಯಿರಿ. ಹೊರದೇಶದ ಆರ್ಡರ್ ನಿಂತು ಬೆಂಗಳೂರಿನ ಗಾರ್ಮೆಂಟ್ಸ್‌ಗಳ ಸಾವಿರಾರು ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಆಗ ರಾಜ್ಯ ಸರ್ಕಾರ ಮಾಡಿದ್ದೇನು? ಮೇ ತಿಂಗಳಲ್ಲಿ ಕೆಲಸದ ವೇಳೆಯನ್ನು ದಿನಕ್ಕೆ 10 ಗಂಟೆಗೆ ಏರಿಸಿತು. ಜುಲೈನಲ್ಲಿ ತಿಂಗಳಿಗೆ 417 ರೂಪಾಯಿ ಚಿಲ್ಲರೆಯ ತುಟ್ಟಿಭತ್ಯೆಯನ್ನು ಮುಂದೂಡಿತು! ತುಟ್ಟಿಭತ್ಯೆ ಧಣಿಯ ದಾನವಲ್ಲ; ಬೆಲೆ ಏರಿದಂತೆ ಕೂಲಿಯನ್ನೂ ಏರಿಸುವ ಲೆಕ್ಕ. ಅದನ್ನು ತಡೆಯುವುದೂ ಒಂದೇ, ಕೂಲಿ ಕತ್ತರಿಸುವುದೂ ಒಂದೇ. ಎರಡೂ ವಿಷಯ ಹೈಕೋರ್ಟ್ ಮೆಟ್ಟಿಲೇರಿದವು. ವೇಳೆಯ ಆದೇಶವನ್ನು ಸರ್ಕಾರ ಜೂನ್‌ನಲ್ಲಿ ವಾಪಸು ಪಡೆಯಿತು. ಭತ್ಯೆ ಮುಂದೂಡಿದ ಆದೇಶಕ್ಕೆ ಸೆಪ್ಟೆಂಬರ್‌ನಲ್ಲಿ ಕೋರ್ಟೇ ತಡೆ ಹಾಕಿತು.

ಸರೋಜಿನಿ ಮಹಿಷಿ ವರದಿ ಹಿಡಿದು 'ಕನ್ನಡಿಗರಿಗೆ ಕೆಲಸ' ಎಂದು 1980ರ ದಶಕದಿಂದ ಕೂಗುತ್ತ ಬಂದಿದ್ದೇವೆ. ಸರಿಯೇ. ಆದರೆ ಮಂಡ್ಯ, ರಾಮನಗರದಿಂದ ಬಂದು ಹೊಲಿಗೆ ಯಂತ್ರದ ಮುಂದೆ ಕೂತ ನಮ್ಮ ಅಕ್ಕತಂಗಿಯರಿಗೆ ಕೆಲಸವಿದೆ, ಹೊಟ್ಟೆ ತುಂಬುವ ಕೂಲಿ ಎಲ್ಲಿದೆ? ಕೆಲಸ ಅರ್ಧ ಹಕ್ಕು, ಕೂಲಿ ಇನ್ನರ್ಧ.

ಗೆಳೆಯರೇ, ಮುಂದಿನ ಧರಣಿಯ ಫಲಕದಲ್ಲಿ ಎರಡನ್ನೂ ಬರೆಯಿರಿ!